ಹೊಳವು ನೋಡಿಕೊಂಡು: ಪೆರ್ಲ, ಪೊಸಡಿಗುಂಪೆ, ಅನಂತಪುರ

ಮೊದಲ ದಿನ: ಕುಂಬಳೆ, ಬದಿಯಡ್ಕ, ಪೆರ್ಲ

ಆಟಿಯಲ್ಲಿ ಯಾರಾದರೂ ಕಾಸರಗೋಡಿನ ಹಳ್ಳಿಗಳಿಗೆ ನಡೆಯಲು ಹೋಗುತ್ತಾರಾ? ಮಂಗಳೂರಿನಲ್ಲಿ ನಮ್ಮನ್ನು ಹೀಗೆ ಕೇಳಿದವರೇ ಜಾಸ್ತಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಈ ತುಳು ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಕ್ಷಗಾನ ಮೇಳಗಳ ತಿರುಗಾಟವೂ ಇಲ್ಲ. ಮನೆಯಲ್ಲಿ ಕೂತು ಹಲಸಿನ ಹಪ್ಪಳ ತಿನ್ನುವ ಕಾಲ. ಆದರೆ ನಮಗೆಲ್ಲ ಒಟ್ಟಿಗೆ ರಜೆ ಸಿಕ್ಕಿದ್ದು ಆಗಲೇ. ಅದೂ ಅಲ್ಲದೆ ಗೆಳೆಯ ಭಟ್ಟ, "ಬೇಸಿಗೆಯಲ್ಲಿ ನಮ್ಮೂರಲ್ಲಿ ಎಂತ ಉಂಟು ನೋಡ್ಲಿಕ್ಕೆ? ಮಳೆಗೇ ಬನ್ನಿ" ಅಂದಿದ್ದ. ಅವನ ಮನೆ ಪೆರ್ಲದಿಂದ ಸ್ವರ್ಗಕ್ಕೆ ಹೋಗುವ ದಾರಿಯಲ್ಲಿ. ಸ್ವರ್ಗ ಅಂದರೆ ನಿಜವಾಗಿಯೂ ಒಂದು ಊರು. ಬಸ್ಸಿನ ಬೋರ್ಡಿನಲ್ಲೂ ಹಾಗೇ ಬರೆದಿರುತ್ತದೆ.

ನಾವು ಐದು ಜನ. ಭಟ್ಟ ಮತ್ತು ನಾನು ಒಂದೇ ಆಫೀಸು. ಡಾಕ್ಟ್ರಮ್ಮ ಪಶುವೈದ್ಯೆ, ಪುತ್ತೂರಿನವರು. ಮೇಷ್ಟ್ರು ಬದಿಯಡ್ಕ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತಾರೆ. ಐದನೆಯವನು ಉಪ್ಪಳದವನು, ಅವನನ್ನು ನಾವು ಕರೆಯುವುದೂ ಉಪ್ಪಳ ಅಂತಲೇ. ಇವರೆಲ್ಲ ಮಳೆಯಲ್ಲೇ ಹುಟ್ಟಿ ಬೆಳೆದವರು. ನಾನೊಬ್ಬನೇ ಶಿರಾ ಕಡೆಯವನು. ನಮ್ಮಲ್ಲಿ ವರ್ಷಕ್ಕೆ 600 ಮಿ.ಮೀ. ಮಳೆ ಬಂದರೆ ಊರಿಗೆ ಊರೇ ಖುಷಿಯಾಗುತ್ತದೆ. ಕಾಸರಗೋಡಿನ ಲೆಕ್ಕ ವರ್ಷಕ್ಕೆ ಸುಮಾರು 3,500 ಮಿ.ಮೀ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ.

ಬೆಳಗಿನ ಲೋಕಲ್ ರೈಲಿನಲ್ಲಿ ಕುಂಬಳೆಗೆ ಬಂದೆವು. ಉಪ್ಪಳ ದಾರಿಯಲ್ಲಿ ಅವನೂರಿನ ಸ್ಟೇಷನ್ನಿನಲ್ಲೇ ಹತ್ತಿಕೊಂಡ. ಕುಂಬಳೆಯಿಂದ ಬದಿಯಡ್ಕದ ಬಸ್ಸು. ಕಿಟಕಿಗಳಿಗೆಲ್ಲ ಟರ್ಪಾಲು ಇಳಿಸಿದ್ದರಿಂದ ಒಳಗೆ ಹಗಲಲ್ಲೇ ಕತ್ತಲೆ. ಕಂಡಕ್ಟರ್ ನನ್ನ ಹತ್ತಿರ ಕನ್ನಡ, ಉಪ್ಪಳನ ಹತ್ತಿರ ಮಲಯಾಳ, ಹಿಂದಿನ ಸೀಟಿನ ಅಜ್ಜಿಯ ಹತ್ತಿರ ತುಳು ಮಾತಾಡುತ್ತಾ ಟಿಕೆಟ್ ಕೊಟ್ಟರು. ಯಾರಿಗೆ ಯಾವ ಭಾಷೆ ಅಂತ ಮುಖ ನೋಡಿಯೇ ಹೇಗೆ ಗೊತ್ತಾಗುತ್ತದೋ! ನೀರ್ಚಾಲು ದಾಟುವಾಗ ನನ್ನ ತಲೆಯ ಮೇಲೆ ಬಸ್ಸಿನ ಮಾಡು ಸೋರಲು ಶುರುವಾಯಿತು. "ಕೊಡೆ ಬಿಡಿಸ್ಬೇಡಿ, ಆಚೆ ಸರಿದು ಕೂತ್ಕೊಳ್ಳಿ" ಅಂದರು ಕಂಡಕ್ಟರ್. ನಿಜಕ್ಕೂ ಬಿಡಿಸಲು ಹೊರಟಿದ್ದೆ.

ಬದಿಯಡ್ಕದಲ್ಲಿ ಮೇಷ್ಟ್ರು ಉದ್ದ ಕಾವಿನ ಕರಿ ಕೊಡೆ ಹಿಡಿದು ಕಾಯುತ್ತಿದ್ದರು. ಜಿಲ್ಲಾಧಿಕಾರಿಗಳು ಶಾಲೆಗೆ ಮಳೆ ರಜೆ ಕೊಟ್ಟಿದ್ದರು. "ಮಕ್ಕಳು ಹೊರಗೆ ಹೋಗ್ಬಾರ್ದು ಅಂತ ರಜೆ. ಮೇಷ್ಟ್ರಿಗೆ ಹಾಗೇನಿಲ್ಲ" ಅಂದರು. ಬಸ್ಸು ಬದಲಿಸುವ ಹೊತ್ತಿನಲ್ಲಿ ಪೆರಡಾಲದ ಕಡೆ ಕೈ ತೋರಿಸಿ, ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಮನೆ ಆ ಕಡೆ ಅಂದರು. 1915ರಲ್ಲಿ ಹುಟ್ಟಿದವರು, ನೂರು ತುಂಬಿಸಿ 2015ರ ಆಗಸ್ಟ್‌ನಲ್ಲಿ ಹೋದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಕೊನೆಯವರೆಗೂ ಇದು ಕನ್ನಡದ ನೆಲ ಎಂದು ಹೇಳುತ್ತಲೇ ಇದ್ದವರು. ಮೇಷ್ಟ್ರು ಇನ್ನೂ ಹೇಳುತ್ತಿದ್ದರೇನೋ, ಅಷ್ಟರಲ್ಲಿ ಪೆರ್ಲದ ಬಸ್ಸು ಬಂತು. ಉಕ್ಕಿನಡ್ಕ ದಾಟಿ ಪೆರ್ಲ ಮುಟ್ಟುವವರೆಗೆ ಸೀಟು ಸಿಗಲಿಲ್ಲ.

ಪೆರ್ಲದ ಪೇಟೆಯಲ್ಲಿ ಮಾಡಿದ ದೊಡ್ಡ ಕೆಲಸ ಚಪ್ಪಲಿ ಖರೀದಿ. ಭಟ್ಟ ಮೊದಲೇ ಹೇಳಿದ್ದ, ಜೀನ್ಸ್ ಬೇಡ, ಶೂ ಬೇಡ, ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಇರಲಿ ಅಂತ. ಶೂ ಒಮ್ಮೆ ಒದ್ದೆಯಾದರೆ ಆಟಿಯಲ್ಲಿ ಒಣಗುವ ಮಾತೇ ಇಲ್ಲ. ಡಾಕ್ಟ್ರಮ್ಮ ಮಾತ್ರ ತಮ್ಮ ದುಬಾರಿ ಟ್ರೆಕ್ಕಿಂಗ್ ಶೂವನ್ನೇ ನಂಬಿದ್ದರು. ಅಂಗಡಿಯವರು ಅದನ್ನು ನೋಡಿ ಏನೂ ಹೇಳಲಿಲ್ಲ, ಒಂದು ಜೊತೆ ಚಪ್ಪಲಿಯನ್ನು ಸುಮ್ನೆ ಅವರ ಮುಂದೆಯೂ ಇಟ್ಟರು. ಪಕ್ಕದ ಹೋಟೆಲಿನಲ್ಲಿ ಬಿಸಿ ಗೋಳಿಬಜೆ, ಕಟ್ಟನ್ ಚಾಯ. ಹಾಲು ಹಾಕದ ಚಹಾ ನನಗೆ ಮೊದಲು ಹಿಡಿಸುತ್ತಿರಲಿಲ್ಲ. ಈ ಮಳೆಗೆ ಅದೇ ಸರಿ.

ಮಧ್ಯಾಹ್ನ ಒಂದು ಹೊಳವು ಸಿಕ್ಕಿತು. ಹೊಳವು ಅಂದರೆ ಮಳೆ ನಡುವೆ ಬಿಡುವು ಕೊಡುವ ಹೊತ್ತು. "ಈಗ ಹೊರಡ್ಬೇಕು" ಅಂದ ಭಟ್ಟ. ಈ ಮಾತು ಮುಂದಿನ ದಿನಗಳಲ್ಲಿ ಎಷ್ಟು ಸಲ ಕೇಳಿದೆನೋ. ಇಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ. ಪಡುವಣದ ಮೋಡ ನೋಡಿ, ತೆಂಗಿನ ಗರಿ ಹೇಗೆ ಆಡುತ್ತಿದೆ ನೋಡಿ, ಅರ್ಧ ಗಂಟೆ ಸಿಗುತ್ತದೆ ಅಂದರೆ ಸಿಗುತ್ತದೆ.

ಟಾರು ರಸ್ತೆ ಬಿಟ್ಟು ಕಣಿವೆಗೆ ಇಳಿಯುವ ಕಾಲುದಾರಿ ಹಿಡಿದೆವು. ಎರಡೂ ಕಡೆ ಆಳೆತ್ತರ ಕಡಿದ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಗೋಡೆ. ಅದರ ತುಂಬ ಹಾವಸೆ, ಜರಿಗಿಡ, ಪುಟ್ಟ ಬಿಳಿ ಹೂವು. ದಾರಿಯಲ್ಲೇ ನೀರು ಹರಿಯುತ್ತಿತ್ತು. ನಾವು ನೀರಿನ ದಾರಿಯಲ್ಲಿ ನಡೆದೆವೋ, ನೀರು ನಮ್ಮ ದಾರಿಯಲ್ಲಿ ನಡೆಯಿತೋ ಹೇಳುವುದು ಕಷ್ಟ. ಕೆಂಪು ಮುರಕಲ್ಲಿನ ಮೆಟ್ಟಿಲು ಎಲ್ಲಿ ಕಪ್ಪಾಗಿ ಹೊಳೆಯುತ್ತದೋ ಅಲ್ಲಿ ಕಾಲಿಡಬಾರದು. ಹುಲ್ಲು ಇರುವ ಅಂಚಿನಲ್ಲಿ ಇಡಬೇಕು. ಹುಲ್ಲಿನಲ್ಲಿ ಉಂಬಳ ಇರುತ್ತದೆ, ಆದರೆ ಸೊಂಟ ಮುರಿಯುವುದಕ್ಕಿಂತ ಉಂಬಳ ಕಚ್ಚುವುದು ವಾಸಿ ಅಲ್ವಾ? ಭಟ್ಟನ ಕಿಸೆಯಲ್ಲಿ ಸುಣ್ಣದ ಡಬ್ಬಿ ಇತ್ತು. ಬೆರಳ ತುದಿಯಲ್ಲಿ ಚೂರು ಮುಟ್ಟಿಸಿದರೆ ಉಂಬಳ ತಾನಾಗಿ ಬಿಡುತ್ತದೆ.

ಕೆಳಗೆ ಅಡಿಕೆ ತೋಟ. ಅಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ತಲೆಯಿಂದ ಬೆನ್ನಿಗೆ ಇಳಿಬಿಟ್ಟುಕೊಂಡು ಒಬ್ಬರು ಅಕ್ಕ ಹುಲ್ಲು ಹೆರೆಯುತ್ತಿದ್ದರು. ಮೊದಲು ಓಲೆಯ ಗೊರಬೆ ಇತ್ತು, ಈಗ ಹೆಣೆಯುವವರೇ ಇಲ್ಲ ಅಂದ ಭಟ್ಟ.

"ಎಲ್ಲಿಂದ ಬಂದದ್ದು?" ಅಕ್ಕ ಕೇಳಿದರು.

"ಮಂಗಳೂರಿಂದ ಅಕ್ಕ. ಸುಮ್ನೆ ನಡೀಲಿಕ್ಕೆ."

"ನಡೀಲಿಕ್ಕಾ? ಬಸ್ಸು ಉಂಟಲ್ಲಾ!"

ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವರು ಒಂದು ಕ್ಷಣ ಡಾಕ್ಟ್ರಮ್ಮನ ಶೂ ನೋಡಿ ಮತ್ತೆ ಹುಲ್ಲಿಗೆ ಬಗ್ಗಿದರು.

ತೋಟದ ನಡುವೆ ತೋಡು. ಅದರ ಮೇಲೆ ಎರಡು ಅಡಿಕೆ ಮರ ಅಡ್ಡ ಹಾಕಿ, ಒಂದು ಬದಿಗೆ ಬಿದಿರು ಕಟ್ಟಿದ ಸಂಕ. ಕೆಳಗೆ ಕೆಂಪು ನೀರು ಗದ್ದಲ ಮಾಡಿಕೊಂಡು ಓಡುತ್ತಿತ್ತು. ಭಟ್ಟ ಬ್ಯಾಗು ಹೊತ್ತು ಮಾತಾಡುತ್ತಲೇ ದಾಟಿದ. ಮೇಷ್ಟ್ರು ಕೊಡೆಯನ್ನು ಮಡಚದೆ ದಾಟಿದರು. ನಾನು ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು ಏಡಿಯ ಹಾಗೆ ಅಡ್ಡಡ್ಡವಾಗಿ ಸರಿದೆ. ನಡುವಿನಲ್ಲಿ ಇರುವಾಗ ಮಳೆ ವಾಪಸು ಬಂತು.

ಭಟ್ಟನ ಮನೆಯಲ್ಲಿ ಮೊದಲು ಬೆಲ್ಲ ನೀರು, ಆಮೇಲೆ ಒಣಗಿದ ಬಟ್ಟೆ, ಆಮೇಲೆ ಮಾತು. ಬ್ಯಾಗಿನ ಮೇಲೆ ಹಾಕುವ ಮಳೆ ಕವರನ್ನು ನಂಬಬೇಡಿ. ಬಟ್ಟೆಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿಟ್ಟವರದ್ದು ಮಾತ್ರ ಉಳಿದಿತ್ತು. ನಮ್ಮ ಒದ್ದೆ ಬಟ್ಟೆಗಳೆಲ್ಲ ಬಚ್ಚಲು ಒಲೆಯ ಮೇಲಿನ ಬಿದಿರಿಗೆ ಹೋದವು. ಒಣಗಿದವು, ಆದರೆ ಮಂಗಳೂರಿಗೆ ಬಂದು ಎರಡು ಸಲ ತೊಳೆದರೂ ಹೊಗೆಯ ವಾಸನೆ ಹೋಗಿಲ್ಲ.

ಸಂಜೆ ಜಗಲಿಯಲ್ಲಿ ಕೂತಾಗ ಅಮ್ಮ ಉಂಡ್ಲಕಾಳು ತಂದರು. ಬೇಸಿಗೆಯಲ್ಲಿ ಹಲಸಿನಕಾಯಿಯ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯಲ್ಲಿ ಇಟ್ಟಿರುತ್ತಾರೆ. ಮಳೆಗಾಲದಲ್ಲಿ ಅದನ್ನು ತೆಗೆದು ಉಪ್ಪು ಹೋಗುವವರೆಗೆ ನೀರಲ್ಲಿಟ್ಟು, ಅಕ್ಕಿ ಸೇರಿಸಿ ರುಬ್ಬಿ, ಪುಟ್ಟ ಉಂಡೆ ಮಾಡಿ ಎಣ್ಣೆಯಲ್ಲಿ ಕರಿಯುತ್ತಾರೆ. ಒಂದು ಬಾಯಿಗೆ ಹಾಕಿದರೆ ಕೈ ನಿಲ್ಲುವುದಿಲ್ಲ. "ತಿನ್ನಿ, ನಾಚಿಕೆ ಮಾಡ್ಬೇಡಿ" ಅಂದರು ಅಮ್ಮ. ನಾಚಿಕೆ ಯಾರಿಗಿತ್ತು? ರಾತ್ರಿ ಊಟಕ್ಕೆ ಪತ್ರೊಡೆ, ತಗತೆ ಸೊಪ್ಪಿನ ಪಲ್ಯ, ಹಲಸಿನ ಬೀಜದ ಸಾರು. ಆಟಿ ಅಂದರೆ ಕಷ್ಟದ ತಿಂಗಳು, ಕಣಜ ಬರಿದಾಗಿ ಸೊಪ್ಪು ಬೀಜ ತಿಂದು ಬದುಕುತ್ತಿದ್ದ ಕಾಲ ಅದು ಎಂದು ಭಟ್ಟನ ತಂದೆ ಹೇಳಿದರು. ಈಗ ಅದೇ ಊಟಕ್ಕೆ ಪೇಟೆಯಲ್ಲಿ ಆಟಿ ಹಬ್ಬ ಅಂತ ಮಾಡಿ ಟಿಕೆಟ್ ಇಡುತ್ತಾರೆ ಅಂತ ನಕ್ಕರು.

ಅವರ ನಗು ಅಷ್ಟಕ್ಕೇ ನಿಂತಿತು. ಅಡಿಕೆಗೆ ಎರಡನೇ ಮದ್ದು ಬಿಡುವುದು ಬಾಕಿ ಇತ್ತು. ಮೈಲುತುತ್ತು ಮತ್ತು ಸುಣ್ಣ, ತಲಾ ಒಂದು ಕಿಲೋ, 100 ಲೀಟರ್ ನೀರಿಗೆ. ಬೋರ್ಡೋ ದ್ರಾವಣ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಬಿಡದಿದ್ದರೆ ಕೊಳೆರೋಗ ಬಂದು ಎಳೆ ಅಡಿಕೆಯೆಲ್ಲ ಉದುರಿ ಬುಡ ಸೇರುತ್ತದೆ. ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಈ ರೋಗದ ಬಗ್ಗೆ 1910ರಷ್ಟು ಹಿಂದೆಯೇ ಬರೆದಿದ್ದರು. ಮದ್ದು ಇವತ್ತಿಗೂ ಅದೇ. ಬದಲಾದದ್ದು ಮರ ಹತ್ತುವವರು ಸಿಗದಿರುವುದು. ಭಟ್ಟನ ಮನೆಯಲ್ಲಿ ಈಗ ಕಾರ್ಬನ್ ಫೈಬರ್ ದೋಟಿ ಇದೆ, ನೆಲದಲ್ಲಿ ನಿಂತೇ ಮದ್ದು ಬಿಡಬಹುದು. "ದೋಟಿ ಉಂಟು, ಜನ ಉಂಟು, ಮದ್ದು ಉಂಟು. ಹೊಳವು ಒಂದು ಇಲ್ಲ" ಅಂದರು. ಎಲೆಯ ಮೇಲೆ, ಕಾಯಿಯ ಮೇಲೆ ಅದು ಒಣಗಲು ಒಂದಷ್ಟು ಗಂಟೆ ಬೇಕು. ನಮಗೆ ನಡೆಯಲು ಅರ್ಧ ಗಂಟೆಯ ಹೊಳವು ಸಾಕು. ಅವರಿಗೆ ಸಾಲದು.

ಎರಡನೇ ದಿನ: ಸುರಂಗ, ಪೊಸಡಿಗುಂಪೆ

ಬೆಳಗ್ಗೆ ಭಟ್ಟ ಮನೆ ಹಿಂದಿನ ಗುಡ್ಡೆಯ ಬುಡಕ್ಕೆ ಕರೆದುಕೊಂಡು ಹೋದ. ಜರಿಗಿಡಗಳ ನಡುವೆ ಒಬ್ಬ ಆಳು ಹೋಗುವಷ್ಟು ಅಗಲದ ಬಾಗಿಲು. ಅದೇ ಸುರಂಗ. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಬಾವಿ ಅನ್ನಿ. ಭಟ್ಟನ ಅಜ್ಜನ ಕಾಲದ್ದು. ಅಗಲ ಎರಡಡಿ ಇರಬಹುದು, ಎತ್ತರ ಆರಡಿ. ಉದ್ದವನ್ನು ಇಲ್ಲಿ ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಕೋಲು ಅಂದರೆ ಎರಡೂವರೆ ಅಡಿಯ ಆಸುಪಾಸು. ಬಗ್ಗಿ ಒಳಗೆ ಹೋದರೆ ಪಾದ ಮುಳುಗುವಷ್ಟು ತಣ್ಣನೆಯ, ತಿಳಿ ನೀರು. ಹೊರಗೆ ತೋಡಿನಲ್ಲಿ ಕೆಂಪು ನೀರು, ಇಲ್ಲಿ ಗಾಜಿನಂಥ ನೀರು. ಟಾರ್ಚಿಗೆ ಬಾವಲಿಗಳು ಕದಲಿದವು. ಡಾಕ್ಟ್ರಮ್ಮ ಅಲ್ಲಿಂದಲೇ ವಾಪಸು.

ಗುಡ್ಡೆಯ ತಲೆಯಲ್ಲಿ ಇಂಗಿದ ಮಳೆ ಮುರಕಲ್ಲಿನ ಸಂದುಗಳಲ್ಲಿ ಇಳಿದು ಇಲ್ಲಿ ಜಿನುಗುತ್ತದೆ. ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಹೊರಗಿನ ಮಣ್ಣಿನ ಕೆರೆಗೆ ಬೀಳುತ್ತದೆ, ಅಲ್ಲಿಂದ ಪೈಪಿನಲ್ಲಿ ಅಡುಗೆಮನೆಗೆ. ಮುರಕಲ್ಲು ಅಗೆಯುವಾಗ ಮೆತ್ತಗಿರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಮಾಡಿಗೆ ಆಧಾರ ಕೊಡುವ ಕೆಲಸ ಇಲ್ಲ. ಅಗೆಯುವವರು ಪಿಕ್ಕಾಸು ಹಿಡಿದು, ಮೇಣದ ಬತ್ತಿ ಹಚ್ಚಿಟ್ಟು ಒಳಗೆ ಹೋಗುತ್ತಿದ್ದರಂತೆ. ಬತ್ತಿ ಮಂಕಾದರೆ ಗಾಳಿ ಕಡಿಮೆಯಾಗಿದೆ ಅಂತ ಅರ್ಥ, ಹೊರಗೆ ಬಂದುಬಿಡಬೇಕು. ಪೆರ್ಲದಿಂದ ಗಡಿ ದಾಟಿದರೆ ಸಿಗುವ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಯಲ್ಲಿ ಒಬ್ಬರೇ ಹೀಗೆ ಅಗೆದು, ನೀರು ಸಿಗದೆ ಬಿಟ್ಟು, ಮತ್ತೆ ಬೇರೆ ಕಡೆ ಅಗೆದು ಕೊನೆಗೆ ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಮ್ಮ ಕಡೆ ಸಾವಿರ ಅಡಿ ಬೋರ್‌ವೆಲ್ ಕೊರೆಸಿ ದೂಳು ಮಾತ್ರ ಬಂದದ್ದನ್ನು ನೋಡಿದ್ದೇನೆ. ಗುಡ್ಡೆ ತಾನಾಗಿ ನೀರು ಕೊಡುವುದನ್ನು ನೋಡಿ ಹೊಟ್ಟೆಕಿಚ್ಚಾಯಿತು ಅಂದೆ. "ಈಗ ಇಲ್ಲಿಯೂ ಬೋರ್‌ವೆಲ್ಲೇ. ಅದು ಬಂದ ಮೇಲೆ ಎಷ್ಟೋ ಸುರಂಗ ಬತ್ತಿತು. ಏಪ್ರಿಲಿನಲ್ಲಿ ಬಂದು ನೋಡಿ, ಈ ತೋಡಿನಲ್ಲಿ ಆಟ ಆಡ್ಬಹುದು" ಅಂದರು ಭಟ್ಟನ ತಂದೆ. 3,500 ಮಿ.ಮೀ. ಬಿದ್ದ ಊರಿನಲ್ಲಿ ಏಪ್ರಿಲಿಗೆ ಬರ! ನೀರು ನಿಲ್ಲುವುದೇ ಇಲ್ಲ, ಇಳಿಜಾರಿನಲ್ಲಿ ಓಡಿ ಒಂದೆರಡು ದಿನದಲ್ಲಿ ಸಮುದ್ರ ಸೇರುತ್ತದೆ. ಅದಕ್ಕೇ ಇವರ ಹಿರಿಯರು ಗುಡ್ಡೆಯ ತಲೆಯಲ್ಲಿ ಮಳೆ ನೀರು ನಿಲ್ಲಿಸುವ ಮದಕ ಮಾಡಿದರು, ಹೊಟ್ಟೆಯಲ್ಲಿ ಸುರಂಗ ಕೊರೆದರು, ಬುಡದ ತೋಡಿಗೆ ಮಳೆ ನಿಂತ ಮೇಲೆ ಕಲ್ಲು ಮಣ್ಣಿನ ಕಟ್ಟ ಹಾಕಿದರು. ಬದಿಯಡ್ಕದ ಆಚೆ ಏತಡ್ಕದಲ್ಲಿ ಇವತ್ತಿಗೂ ಸಾಲು ಸಾಲು ಕಟ್ಟಗಳನ್ನು ಹಾಕುತ್ತಾರೆ. ಮಳೆ ಕೊಯ್ಲಿನ ಬಗ್ಗೆ ಬರೆಯುತ್ತಾ ಬಂದ ಪತ್ರಕರ್ತ ಶ್ರೀ ಪಡ್ರೆ ಇಲ್ಲೇ ಹತ್ತಿರದ ಪಡ್ರೆ ಎಂಬ ಊರಿನವರು. ಈ ಕಣಿವೆಗಳಲ್ಲಿ ನಡೆದ ಮೇಲೆ ಅವರಿಗೆ ಆ ವಿಷಯ ಯಾಕೆ ಹತ್ತಿತು ಅಂತ ಕೇಳಬೇಕಾಗಿಲ್ಲ.

ಹತ್ತು ಗಂಟೆಗೆ ಜೀಪು ಮಾಡಿಕೊಂಡು ಒಳದಾರಿಗಳಲ್ಲಿ ಧರ್ಮತ್ತಡ್ಕಕ್ಕೆ ಹೋದೆವು. ಜಿಲ್ಲೆಗೆ ಆರೆಂಜ್ ಅಲರ್ಟ್ ಇತ್ತು. ಡ್ರೈವರ್ ಹೇಳಿದ್ದು ಒಂದೇ ಮಾತು: "ಗುಡುಗು ಕೇಳಿದ್ರೆ ಗುಂಪೆಯ ತುದಿಯಲ್ಲಿ ನಿಲ್ಬೇಡಿ." ಪೊಸಡಿಗುಂಪೆ ಸಾವಿರ ಅಡಿಗಿಂತ ಸ್ವಲ್ಪ ಎತ್ತರದ ಹುಲ್ಲುಗುಡ್ಡ, ಮರವೇ ಇಲ್ಲ. ಸಿಡಿಲಿಗೆ ಎತ್ತರವಾಗಿ ಸಿಗುವುದು ನಾವೇ. ಆ ದಿನ ಗುಡುಗು ಇರಲಿಲ್ಲ, ಗಾಳಿ ಇತ್ತು.

ಹತ್ತುವ ಮೊದಲು ಅಗಲವಾದ ಮುರಕಲ್ಲಿನ ಪದವು, ಅಂದರೆ ಬಯಲು ಸಿಗುತ್ತದೆ. ಬೇಸಿಗೆಯಲ್ಲಿ ಇಲ್ಲಿ ಕಾಲಿಡಲಾಗದಷ್ಟು ಸುಡುತ್ತದಂತೆ. ಈಗ ಅಂಗೈ ಆಳದ ನೀರು ನಿಂತಿತ್ತು, ಅದರ ತುಂಬ ಕಡ್ಡಿಯಂಥ ದಂಟಿನ ಮೇಲೆ ನೀಲಿ ಹೂವು. ದೂರಕ್ಕೆ ನೆಲಕ್ಕೇ ನೀಲಿ ಬಳಿದ ಹಾಗೆ. ಡಾಕ್ಟ್ರಮ್ಮ ಕೂತು, ಇದು ಯುಟ್ರಿಕ್ಯುಲೇರಿಯ, ಹುಳ ಹಿಡಿಯುವ ಗಿಡ ಅಂದರು. ಬಂಡೆಯ ಮೇಲಿನ ಚೂರು ಮಣ್ಣಿನಲ್ಲಿ ಸಾರಜನಕ ಇಲ್ಲ. ಅದಕ್ಕೆ ನೀರಿನಡಿಯ ಸಣ್ಣ ಚೀಲಗಳಲ್ಲಿ ಕಣ್ಣಿಗೆ ಕಾಣದ ಹುಳಗಳನ್ನು ಎಳೆದುಕೊಂಡು ಜೀರ್ಣಿಸುತ್ತದೆ. ಪಕ್ಕದಲ್ಲೇ ಡ್ರೊಸೆರಾ, ಎಲೆಯ ಕೂದಲ ತುದಿಯಲ್ಲಿ ಅಂಟಿನ ಹನಿ. ಒಂದು ಸೊಳ್ಳೆ ಅದಕ್ಕೆ ಸಿಕ್ಕಿಕೊಂಡಿತ್ತು. ನಮಗೆ ಕಚ್ಚುವ ಮೊದಲೇ ಸಿಕ್ಕಿಬಿದ್ದದ್ದು ಒಳ್ಳೆಯದಾಯಿತು ಅಂದ ಉಪ್ಪಳ. ಹೂವಿನ ಫೋಟೊ ತೆಗೆಯಲು ಹಿಂದೆ ಹಿಂದೆ ಸರಿದು ಅವನೇ ಜಾರಿ ಕೂತ. ಪೆಟ್ಟಾಗಲಿಲ್ಲ. ಫೋನು ಮಾತ್ರ ನೀರು ಕುಡಿದು ಸ್ಪೀಕರ್ ಬಂದ್ ಆಯಿತು, ಆಮೇಲೆ ಅವನಿಗೆ ಬಂದ ಕರೆಗಳಿಗೆಲ್ಲ ಮೇಷ್ಟ್ರ ಫೋನಿನಿಂದ ಉತ್ತರ.

ಮೇಲೆ ಹತ್ತುತ್ತಾ ಹೋದ ಹಾಗೆ ಮಂಜು. ಮೊದಲು ಕಣಿವೆ ಹೋಯಿತು, ಆಮೇಲೆ ದಾರಿ ಹೋಯಿತು, ಆಮೇಲೆ ಮುಂದೆ ನಡೆಯುತ್ತಿದ್ದ ಭಟ್ಟ ಹೋದ. ದನಿ ಮಾತ್ರ ಕೇಳುತ್ತಿತ್ತು. ಗಾಳಿ ಒಂದು ಸಲ ಜೋರಾಗಿ ಬೀಸಿದ್ದಕ್ಕೆ ಮೇಷ್ಟ್ರ ಕೊಡೆ ಮೇಲ್ಮುಖವಾಗಿ ತಿರುಗಿ, ಕೈಬಿಟ್ಟು, ಬಿಳಿ ಮಂಜಿನೊಳಗೆ ಹಾರಿಹೋಯಿತು. ಅವರು ಅದು ಹೋದ ದಿಕ್ಕನ್ನೇ ನೋಡುತ್ತಾ, "ಹೋಗ್ಲಿ, ಇನ್ನು ನೆನೆಯುವ ಚಿಂತೆ ಇಲ್ಲ" ಅಂದರು. ಗುಡ್ಡದಲ್ಲಿ ಕೊಡೆ ಕೆಲಸಕ್ಕೆ ಬರುವುದಿಲ್ಲ. ಮೊಣಕಾಲವರೆಗಿನ ರೈನ್‌ಕೋಟೇ ಬೇಕು.

ತುದಿಯ ಹತ್ತಿರ ಮಂಜಿನೊಳಗಿಂದ ಗಂಟೆಯ ಸದ್ದು. ಕಾಸರಗೋಡು ಗಿಡ್ಡ ದನಗಳು, ನಾಲ್ಕೈದು. ಜೊತೆಗೆ ಪ್ಲಾಸ್ಟಿಕ್ ಹೊದ್ದ ಒಬ್ಬರು ಅಜ್ಜ. ಡಾಕ್ಟ್ರಮ್ಮ ಶೂವಿನೊಳಗಿನ ಕೆಸರನ್ನೂ ಮರೆತು ಓಡಿದರು. ನನ್ನ ಸೊಂಟದ ಎತ್ತರಕ್ಕೂ ಬಾರದ ದನ, ಒದ್ದೆಯಾಗಿ ಇನ್ನೂ ಚಿಕ್ಕದಾಗಿ ಕಾಣುತ್ತಿತ್ತು. ಹಾಲು ಕಡಿಮೆ, ಆದರೆ ಹಿಂಡಿ ಬೇಡ, ಕೊಟ್ಟಿಗೆಯ ಫ್ಯಾನು ಬೇಡ. ಈ ಮಳೆಯಲ್ಲಿ ಈ ಹುಲ್ಲು ಮೇಯ್ದುಕೊಂಡು ಬದುಕುತ್ತದೆ. ಈ ತಳಿ ಉಳಿಸಲು ಬದಿಯಡ್ಕ ಹತ್ತಿರದ ಬೇಳದಲ್ಲಿ ಸರ್ಕಾರದ ಕೇಂದ್ರವೇ ಇದೆ ಎಂದು ಡಾಕ್ಟ್ರಮ್ಮ ಅಜ್ಜನಿಗೆ ತುಳುವಿನಲ್ಲಿ ಹೇಳಿದರು. "ಅಲ್ಲಿಯ ದನ ನೋಡಿದ್ದೇನೆ, ನನ್ನದರಷ್ಟು ಚುರುಕಿಲ್ಲ" ಅಂದರಂತೆ ಅಜ್ಜ.

ಇಲ್ಲಿಂದ ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಕುದುರೆಮುಖದ ಸಾಲು ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಕಂಡದ್ದು ಹತ್ತು ಅಡಿ ಹುಲ್ಲು. ಸಮುದ್ರ ಎಲ್ಲಿ ಅಂತ ಕೇಳಿದೆ. ಅಜ್ಜ ಬೆತ್ತವನ್ನು ಬಿಳಿ ಮಂಜಿಗೆ ಚಾಚಿದರು. ಉಪ್ಪಳ ಕನ್ನಡ ಮಾಡಿ ಹೇಳಿದ: "ಅಲ್ಲಿ ಉಂಟು, ಎಲ್ಲಿಗೂ ಹೋಗಿಲ್ಲ. ದಸರಾ ಕಳೆದು ಬರ್ಲಿಕ್ಕೆ ಹೇಳ್ತಿದ್ದಾರೆ." ಇಳಿಯುವ ದಾರಿಯನ್ನೂ ಅವರೇ ತೋರಿಸಿದರು. ದನಗಳ ಹಿಂದೆ ಹೋಗಿ, ಅವು ಜಾರುವ ಕಡೆ ಕಾಲಿಡುವುದಿಲ್ಲ ಅಂದರು. ಹಾಗೇ ಇಳಿದೆವು. ಯಾರೂ ಬೀಳಲಿಲ್ಲ.

ಕೆಳಗಿನ ಅಂಗಡಿಯಲ್ಲಿ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ತಿನ್ನುವಾಗ ಡಾಕ್ಟ್ರಮ್ಮನ ಶೂವಿನ ಅಟ್ಟೆ ಬಾಯಿ ಬಿಟ್ಟಿತ್ತು. ಪೆರ್ಲಕ್ಕೆ ಬಂದು ಮೊದಲು ಆ ಚಪ್ಪಲಿ ಅಂಗಡಿಗೇ ಹೋದೆವು. ಅಂಗಡಿಯವರು ನಿನ್ನೆ ಇಟ್ಟ ಜೊತೆಯನ್ನು ಇನ್ನೂ ಅಲ್ಲೇ ಇಟ್ಟಿದ್ದರು.

ರಾತ್ರಿ ಕರೆಂಟು ಹೋಯಿತು. ಹೆಂಚಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಪಕ್ಕದಲ್ಲಿ ಕೂತವರ ಮಾತು ಕೇಳುತ್ತಿರಲಿಲ್ಲ. ಭಟ್ಟನ ತಂದೆ ಎರಡು ಸಲ ಟಾರ್ಚು ಹಿಡಿದು ತೋಡಿನ ಕಡೆ ಹೋಗಿ ಬಂದರು.

ಮೂರನೇ ದಿನ: ಸ್ವರ್ಗ, ಅನಂತಪುರ, ಕುಂಬಳೆ

ಬೆಳಗ್ಗೆ ಸಂಕ ಇರಲಿಲ್ಲ. ಅಂದರೆ ಇತ್ತು, ನೀರಿನೊಳಗೆ ಇತ್ತು. ಬಿದಿರಿನ ಕೈತಾಂಗು ಮಾತ್ರ ನೀರಿನ ಮೇಲೆ ನಡುಗುತ್ತಿತ್ತು. ಮೊದಲ ದಿನದ ದಾರಿ ಮುಗಿಯಿತು. ಗುಡ್ಡೆ ಹತ್ತಿ ಆಚೆ ಇಳಿದು ಸ್ವರ್ಗದಲ್ಲಿ ಬಸ್ಸು ಹಿಡಿಯಬೇಕು ಅಂದ ಭಟ್ಟ. ಅಮ್ಮ ಹಲಸಿನ ಹಪ್ಪಳದ ಕಟ್ಟನ್ನು ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು.

ಆಚೆಯ ಗುಡ್ಡೆಗಳ ತುಂಬ ಗೇರು ತೋಟ. ಇಲ್ಲಿ ಮಾತು ಕಡಿಮೆಯಾಯಿತು. ಎಪ್ಪತ್ತರ ದಶಕದಿಂದ 2000ದವರೆಗೆ ಈ ಗೇರು ಮರಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದರು. "ಹೆಲಿಕಾಪ್ಟರ್ ಬಂತು ಅಂದ್ರೆ ನಾವು ಮಕ್ಕಳು ಅಂಗಳಕ್ಕೆ ಓಡ್ತಿದ್ದೆವು ನೋಡ್ಲಿಕ್ಕೆ" ಅಂದ ಭಟ್ಟ. ಗುಡ್ಡೆಯ ತಲೆಗೆ ಬಿದ್ದದ್ದು ಎಲ್ಲಿಗೆ ಹೋಗುತ್ತದೆ ಅಂತ ಹಿಂದಿನ ದಿನ ಸುರಂಗದಲ್ಲಿ ನಿಂತು ನೋಡಿದ್ದೆವಲ್ಲ. ಅದೇ ದಾರಿ, ಅದೇ ತೋಡು, ಅದೇ ಕುಡಿಯುವ ನೀರು. ಈ ಎಣ್ಮಕಜೆ ಪಂಚಾಯತಿನ ಮನೆಗಳಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಕಾಯಿಲೆ, ಅಂಗವೈಕಲ್ಯಗಳ ಜೊತೆ ಬೆಳೆದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಲ್ಲಿಸಿತು. ಅದೇ ವರ್ಷ, ಇಂಥ ವಿಷಗಳನ್ನು ಜಗತ್ತಿನಲ್ಲೇ ನಿಲ್ಲಿಸಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಅದು ಸೇರಿತು. ಪರಿಹಾರಕ್ಕೆ ಓಡಾಡುವ ಅಮ್ಮಂದಿರು ಇನ್ನೂ ಇದ್ದಾರೆ ಅಂದರು ಮೇಷ್ಟ್ರು. ಅವರ ತರಗತಿಯಲ್ಲೂ ಅಂಥ ಮನೆಗಳ ಮಕ್ಕಳಿದ್ದರಂತೆ. ಈ ಕಡೆ ಬರುವವರು ದಯವಿಟ್ಟು ಯಾರ ಮನೆಯ ಮುಂದೆಯೂ ಕ್ಯಾಮೆರಾ ಹಿಡಿದು ನಿಲ್ಲಬೇಡಿ. ಹಾಗೆ ಬಂದವರನ್ನು ನೋಡಿ ನೋಡಿ ಅವರಿಗೆ ಸಾಕಾಗಿದೆ.

ಸ್ವರ್ಗದಲ್ಲಿ ಬಸ್ಸು ಹತ್ತಿದೆವು. ಭಟ್ಟ ಅಲ್ಲೇ ಉಳಿದ. ಮನೆಯಲ್ಲಿ ಮದ್ದಿನ ಕೆಲಸ ಇದೆ, ಎರಡು ದಿನ ರಜೆ ಹೇಳು ಅಂದ.

ಪೆರ್ಲ, ಬದಿಯಡ್ಕ ದಾಟಿ ನಾಯ್ಕಾಪಿನಲ್ಲಿ ಇಳಿದು ಅನಂತಪುರಕ್ಕೆ ನಡೆದೆವು. ಇಲ್ಲಿಯೂ ಮುರಕಲ್ಲಿನ ಬಯಲು, ಅದರ ತಗ್ಗಿನಲ್ಲಿ ಕೆರೆ, ಕೆರೆಯ ನಡುವೆ ದೇವಸ್ಥಾನ. ದಡದಿಂದ ಗರ್ಭಗುಡಿಗೆ ಒಂದು ಕಾಲುಸೇತುವೆ. ತಿರುವನಂತಪುರದ ಅನಂತಪದ್ಮನಾಭನಿಗೆ ಇದೇ ಮೂಲಸ್ಥಾನ ಎಂಬ ನಂಬಿಕೆ. ಗಂಡಸರು ಅಂಗಿ ಬಿಚ್ಚಿ ಹೋಗಬೇಕು. ನಮ್ಮ ಅಂಗಿಗಳು ಹೇಗೂ ಹಿಂಡುವ ಸ್ಥಿತಿಯಲ್ಲಿದ್ದವು. ಮಳೆ ಕೆರೆಯ ಮೇಲೆ ಬೀಳುವುದನ್ನು ನೋಡುತ್ತಾ ತುಂಬ ಹೊತ್ತು ನಿಂತೆವು.

ಇಲ್ಲಿದ್ದ ಬಬಿಯಾ ಮೊಸಳೆಯ ಬಗ್ಗೆ ಎಲ್ಲರೂ ಕೇಳಿರುತ್ತೀರಿ. ದೇವರ ನೈವೇದ್ಯದ ಅನ್ನ ತಿನ್ನುತ್ತಿತ್ತು, ಯಾರಿಗೂ ತೊಂದರೆ ಕೊಟ್ಟಿಲ್ಲ ಅಂತ ಪ್ರಸಿದ್ಧಿ. 2022ರ ಅಕ್ಟೋಬರ್ 9ರಂದು ಸತ್ತಿತು. ಮರುವರ್ಷ ನವೆಂಬರಿನಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಎಲ್ಲಿಂದ ಬಂತು ಅಂತ ಜನ ತಲೆ ಕೆಡಿಸಿಕೊಂಡಿಲ್ಲ. ಒಂದು ಹೋದರೆ ಇನ್ನೊಂದು ಬರುತ್ತದೆ ಅಂತ ಮೊದಲಿನಿಂದಲೂ ನಂಬಿದವರು ಅವರು. ಹೊಸದು ಕಾಣುತ್ತದಾ ಅಂತ ಹೊರಗೆ ಹೂವು ಮಾರುತ್ತಿದ್ದ ಅಕ್ಕನನ್ನು ಕೇಳಿದೆ. "ಈ ಮಳೆಗೆ ಅದು ಯಾಕೆ ಹೊರಗೆ ಬರ್ತದೆ? ಬಿಸಿಲಿಗೆ ಬನ್ನಿ" ಅಂದರು. ಸಮುದ್ರಕ್ಕೂ ಅದೇ ಉತ್ತರ, ಮೊಸಳೆಗೂ ಅದೇ ಉತ್ತರ.

ಕುಂಬಳೆ ಸ್ಟೇಷನ್ನಿನಲ್ಲಿ ರೈಲು ತಡ. ಒದ್ದೆ ಬೆಂಚಿನ ಮೇಲೆ ಕೂತು ಡಿಸೆಂಬರಿನಲ್ಲಿ ಏತಡ್ಕದ ಕಟ್ಟ ನೋಡಲು ಬರುವ ಮಾತಾಡಿದೆವು. "ನೋಡ್ಲಿಕ್ಕೆ ಬರ್ಬೇಡಿ, ಮಣ್ಣು ಹೊರ್ಲಿಕ್ಕೆ ಬನ್ನಿ" ಅಂದರು ಮೇಷ್ಟ್ರು. ಡಾಕ್ಟ್ರಮ್ಮ ಒಪ್ಪಿದರು. ಉಪ್ಪಳನಿಗೆ ಕೇಳಿಸಲಿಲ್ಲವಂತೆ, ಫೋನು ಸರಿ ಇಲ್ಲ ಅಂದ. ಎದುರಿಗೇ ಕೂತಿದ್ದ.

ಸೋಮವಾರ ಮಂಗಳೂರಿನಲ್ಲಿ ಕಣ್ಣು ಬಿಡಲಾಗದ ಬಿಸಿಲು. ಮಧ್ಯಾಹ್ನ ಭಟ್ಟನ ಫೋನು ಬಂತು. ಬೆಳಗ್ಗೆ ಆರಕ್ಕೇ ದೋಟಿ ಎತ್ತಿದ್ದರಂತೆ. ಎರಡು ಬ್ಯಾರೆಲ್ ಮದ್ದು ಮುಗಿದಿತ್ತು, ಅದೂ ಚೆನ್ನಾಗಿ ಒಣಗಿತ್ತು. ಮೂರನೆಯದನ್ನು ಕಲಸಿ ಇಟ್ಟು ಊಟಕ್ಕೆ ಕೂತಿದ್ದರಂತೆ, ಪಡುವಣದಲ್ಲಿ ಮೋಡ ಎದ್ದಿತು. "ಇನ್ನು ಒಂದು ದಿನ ರಜೆ ಜಾಸ್ತಿ ಹೇಳು ಮಾರಾಯ" ಅಂದ.